ವಾಮನರಾಯರ ರಾಮಕೋಟಿ

ಕೆಂಪು ಬಟ್ಟೆ ಬಿಚ್ಚಿ, ಪುಸ್ತಕದ ಮೊದಲ ಪುಟಕ್ಕೆ ಕುಂಕುಮ ಹಚ್ಚಲು ಹೋದ ವಸುಂಧರಾ ಬೆರಳು ಎತ್ತಿಕೊಂಡು ಹಾಗೆಯೇ ನಿಂತಳು. ಶವಪೆಟ್ಟಿಗೆಯಲ್ಲಿ ಗಂಡ ವಾಮನರಾಯರು ಜರಿಪಂಚೆಯಲ್ಲಿ ಮಲಗಿದ್ದರು. ಕಡಲಾಚೆಯ ಆ ಪಾಪಟೋಯಿಟೋಯಿ ಊರಿನ ಕನ್ನಡದವರೆಲ್ಲ ಚಿತಾಗಾರದ ಸಭಾಂಗಣದಲ್ಲಿ ಕೂತು ಆ ರಾಮಕೋಟಿಯನ್ನೇ ಹೊಗಳುತ್ತಿದ್ದರು. ಐದು ವರ್ಷ ದಿನಾ ಬೆಳಗ್ಗೆ ರಾಮನಾಮ ಬರೆದ ಪುಣ್ಯಾತ್ಮ ಎಂದು ಎಲ್ಲರಿಗೂ ಸಾರಿಕೊಂಡು ಬಂದವಳು ಅವಳೇ. ಮಡಿಯಿಲ್ಲದೆ ಮುಟ್ಟಬಾರದೆಂದು ಪುಸ್ತಕವನ್ನು ಒಂದು ದಿನವೂ ತೆರೆದಿರಲಿಲ್ಲ.

“ಕೋಟಿ ಮುಗಿದಿತ್ತಾ ಅಮ್ಮಾ? ರಾಯರ ಎದೆ ಮೇಲೆ ಇಡೋಣ,” ಎಂದರು ಪುರೋಹಿತ ರಘುನಾಥ ಭಟ್ಟರು.

ಪುಸ್ತಕದಲ್ಲಿ ರಾಮನೇ ಇರಲಿಲ್ಲ. ಯಾರ್ಯಾರದೋ ಕೈಬರಹ, ಅದರ ಕೆಳಗೆ ರಾಯರ ಸಣ್ಣ ಕನ್ನಡ ಅಕ್ಷರ. ಪೊಸಿದೋನಾಸ್, ಗ್ರೀಸಿನ ಹಡಗಿನ ಅಡುಗೆಯವನು ಹೇಳಿದ್ದು. ಪೊಸೆಯ್ದೋನೆ, ಇಟಲಿಯವನು. ಪೊಸೇಯ್ಡೊನ್ಸ್, ಲಾಟ್ವಿಯಾದ ಮುದುಕ. ಒಬ್ಬನೇ ಕಡಲ ದೇವರು, ದೇಶಕ್ಕೊಂದು ಹೆಸರು. ಪ್ರತಿ ಹೆಸರಿನ ಮುಂದೆಯೂ ಒಂದೇ ಸಾಲು: ವಿಶ್ವಾಸನನ್ನು ಕೊಡು.

*

ಮಗ ವಿಶ್ವಾಸ್ ೨೦೧೧ರಲ್ಲಿ ಬಂಡೆಯ ಮೇಲೆ ನಿಂತು ಮೀನು ಹಿಡಿಯಲು ಹೋಗಿದ್ದ. ಅಲೆ ಎಳೆದುಕೊಂಡಿತು, ದೇಹ ಸಿಗಲಿಲ್ಲ. ಹುಡುಕಾಟ ನಿಲ್ಲಿಸಿದ ದಿನ ರಾಯರು ವರುಣನಿಗೆ ದೀಪ ಹಚ್ಚಿದಾಗ ವಸುಂಧರಾ ಅದನ್ನು ಆರಿಸಿದ್ದಳು.

“ವರುಣನ ಹೆಸರೂ ಬೇಡ, ಮಗನ ಹೆಸರೂ ಬೇಡ ಈ ಮನೇಲಿ.”

“ಆಗಲಿ,” ಎಂದು ಮಾತು ಕೊಟ್ಟರು ರಾಯರು. ಬಂದರಿನ ಕಂಟೇನರ್ ಯಾರ್ಡಿನಲ್ಲಿ ಅವರ ಕೆಲಸ, ದೇಶದೇಶದ ಹಡಗಿನವರು ಬಂದುಹೋಗುವ ಜಾಗ. ಕೆಲ ದಿನಗಳಲ್ಲಿ ಬೆಳಗ್ಗೆ ಎದ್ದು ಬರೆಯತೊಡಗಿದರು, ಪುಸ್ತಕವನ್ನು ಚೀಲದಲ್ಲಿಟ್ಟು ಕೆಲಸಕ್ಕೂ ಒಯ್ಯುತ್ತಿದ್ದರು. ಏನೆಂದು ಕೇಳಿದರೆ ದೇವರ ಹೆಸರು ಎಂದರು. ಅಂತೂ ಮನಸ್ಸು ರಾಮನ ಕಡೆ ತಿರುಗಿತಲ್ಲ ಎಂದು ಅವಳೇ ಕೆಂಪು ಬಟ್ಟೆ ಹೊಲಿದುಕೊಟ್ಟಳು.

*

ಪಕ್ಕದ ಮನೆಯ ಕೃಪಾ ಮೊಣಕೈ ಮುಟ್ಟಿದಳು. “ಆಂಟಿ, ನೆಕ್ಸ್ಟ್ ಫ್ಯಾಮಿಲಿ ವೇಯ್ಟ್ ಮಾಡ್ತಿದಾರೆ.”

ಪುಸ್ತಕ ಮುಚ್ಚಿ ಇಟ್ಟುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳ ಮಾನವೂ ಉಳಿಯುತ್ತಿತ್ತು. ಆದರೆ ಗಂಡ ಒಬ್ಬರೇ ಕೂತು ಕಂಡವರ ದೇವರನ್ನೆಲ್ಲ ಬೇಡಿದ್ದು ನೆನೆದು ಅವಳಿಗೆ ಅದನ್ನು ಮುಚ್ಚಲಾಗಲಿಲ್ಲ. ಹಾಳೆ ಮಗುಚುತ್ತ ಹೋದಳು. ಇಪ್ಪತ್ತಕ್ಕೂ ಹೆಚ್ಚು ಭಾಷೆ. ಮಗನ ಹೆಸರು ಬಿಡಲಾಗದಿದ್ದರೂ, ಕೊಟ್ಟ ಮಾತಿಗೆ ಕಟ್ಟುಬಿದ್ದು ವರುಣನನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.

ಕೃಪಾಳಿಂದ ಪೆನ್ನು ಇಸಿದುಕೊಂಡು ಕೊನೆಯ ಖಾಲಿ ಪುಟದಲ್ಲಿ ಬರೆದಳು. ಬೆರಳಿನ ಕುಂಕುಮ ಹಾಳೆಗೆಲ್ಲ ಮೆತ್ತಿತು.

“ಒಂದು ಹೆಸರು ಬಾಕಿ ಇತ್ತು ಭಟ್ರೇ,” ಎಂದಳು. “ಈಗ ಬರೆದೆ.”

ಬಟ್ಟೆ ಸುತ್ತದೆ, ಎಲ್ಲರಿಗೂ ಕಾಣುವಂತೆ ಆ ಪುಟವನ್ನೇ ತೆರೆದು ಗಂಡನ ಎದೆಯ ಮೇಲಿಟ್ಟಳು: ವರುಣಾ, ವಿಶ್ವಾಸನನ್ನು ಕೊಡು.