ಗಾಜಿನೊಳಗಿನ ಬೂದಿ

ಓಂಕಾರೇಶ್ ಹೋದ ಸುದ್ದಿ ನನಗೆ ಬಂದದ್ದು ಅವನೇ ಗಾಜು ಹಾಕಿಕೊಟ್ಟಿದ್ದ ಫೋನಿನಲ್ಲಿ. ಕಡೂರಿನಿಂದ ಬರುವಾಗ ಬೈಕಿಗೆ ಲಾರಿ ತಗುಲಿತೆಂದು ಯಾರೋ ಹೇಳಿದರು. ಮಾತು ಮುಗಿದ ಮೇಲೂ ನಾನು ಆ ಗಾಜನ್ನೇ ನೋಡುತ್ತಿದ್ದೆ. ತಿಳಿಯಾಗಿತ್ತು. ಒಂದು ಗುಳ್ಳೆಯೂ ಇರಲಿಲ್ಲ. ಮಗ ಸತ್ತ ಹೊತ್ತಿನಲ್ಲಿ ಕಣ್ಣು ಇಂಥದ್ದನ್ನು ನೋಡುತ್ತದೆಯೆಂದು ನನಗೆ ಗೊತ್ತಿರಲಿಲ್ಲ.

ನಮ್ಮೂರು ಶಿವನಿಯ ಹೊಲದಲ್ಲಿ ಸಮಾಧಿ ಮಾಡಿದೆವು. ಶಿವಗಣಾರಾಧನೆ ಮುಗಿದ ಮೇಲೆ ಸೊಸೆ ಕೋಮಲಾ, "ಮಾವ, ಬೀರೂರಿನ ಅಂಗಡಿ ನಾನು ನಡೆಸ್ತೀನಿ" ಎಂದಳು. ಗಂಡನ ಪಕ್ಕದಲ್ಲೇ ಕೂತು ಫೋನಿನ ಒಡೆದ ಗಾಜು ಬದಲಿಸುವ ಕೆಲಸ ಕಲಿತವಳು. ಅವಳ ಅಣ್ಣ ರುದ್ರಮೂರ್ತಿಗೆ ಅದು ಹಿಡಿಸಲಿಲ್ಲ. ಗಾಜು ಒತ್ತುವ ಯಂತ್ರ ಮಾರಿ ತವರಿಗೆ ಬಾ ಎಂದ. ಅವಳು ಒಪ್ಪಲಿಲ್ಲ. ನಾನು ದಿನವೂ ಅವಳ ಜೊತೆ ರೈಲಿನಲ್ಲಿ ಹೋಗಿ ಬರತೊಡಗಿದೆ. ಮನೆಯಲ್ಲಿದ್ದು ಮಾಡುವುದೇನೂ ಇರಲಿಲ್ಲ.

ಅಂಗಡಿಯ ಹಿಂದಿನ ಚಿಕ್ಕ ಕೋಣೆಯಲ್ಲಿ ಕೆಲಸದ ಮೇಜು. ಅದರ ಮೇಲಿನ ಹಲಗೆಯಲ್ಲಿ ಮಗನ ಫೋಟೋ ಇಟ್ಟೆ. ಬೆಳಿಗ್ಗೆ ನಾನು ಅದಕ್ಕೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗಿದ ಮೇಲೆಯೇ ಕೋಮಲಾ ಕೂರುವಳು. ಒಡೆದ ಗಾಜು ತೆಗೆದು, ಕೆಳಗಿನ ಡಿಸ್‌ಪ್ಲೇ ಒರೆಸಿ, ತೆಳ್ಳನೆಯ ಅಂಟಿನ ಹಾಳೆ ಕೂರಿಸಿ, ಹೊಸ ಗಾಜು ಇಟ್ಟು ಯಂತ್ರದಲ್ಲಿ ಒತ್ತುವಳು. ಬರೀ ಗಾಳಿಯ ಗುಳ್ಳೆಯಾದರೆ ಬಿಸಿ ಒತ್ತಡದ ಡಬ್ಬಿಯಲ್ಲಿ ಕರಗುತ್ತದಂತೆ. ಒಳಗೆ ಧೂಳು ಸಿಕ್ಕಿದ್ದರೆ ಕರಗಿದಂತೆ ಕಂಡು ಮಾರನೆಯ ಬೆಳಿಗ್ಗೆ ಮತ್ತೆ ಏಳುತ್ತದಂತೆ.

ಅವಳು ಹಾಕಿದ ಗಾಜುಗಳಲ್ಲಿ ಗುಳ್ಳೆ ಏಳುತ್ತಲೇ ಇತ್ತು. ನೆಲ ಒದ್ದೆಬಟ್ಟೆಯಲ್ಲಿ ಒರೆಸಿದಳು, ಫ್ಯಾನ್ ನಿಲ್ಲಿಸಿದಳು, ತಲೆಗೆ ಬಟ್ಟೆ ಕಟ್ಟಿದಳು. ಫೋನುಗಳು ವಾಪಸ್ ಬರುತ್ತಲೇ ಇದ್ದವು.

ರುದ್ರಮೂರ್ತಿ ಅಂಗಡಿಯಲ್ಲಿ ಕೂತಿದ್ದ ದಿನವೇ ಅಮೃತಾಪುರದಲ್ಲಿ ಬಟ್ಟೆ ಹೊಲಿಯುವ ವನಜಾಕ್ಷಿ ಬಂದಳು.

"ನೋಡಮ್ಮ, ಮೊಮ್ಮಗನ ಫೋಟೋ ತೆಗುದ್ರೆ ಮುಖಕ್ಕೆಲ್ಲ ಸಿಡುಬು ಎದ್ದಂಗೆ ಕಾಣ್ತದೆ!" ಫೋನನ್ನು ಬೆಳಕಿಗೆ ಹಿಡಿದಳು. "ಒಳಗೆಲ್ಲ ಬೂದಿ ಕಣ್ರೀ. ಗಾಜು ಹಾಕಿದ್ರೋ, ನನ್ನ ಫೋನಿಗೂ ದೀಕ್ಷೆ ಕೊಟ್ರೋ?"

ರುದ್ರಮೂರ್ತಿ ನಕ್ಕ. "ಇದೇ ಕೊನೇದು ಕಣೇ ಕೋಮಲಾ. ಇದೂ ಕೆಟ್ರೆ ನಾಳೆ ಯಂತ್ರ ತಗೊಳ್ಳೋರ್ನ ಕರ್ಕೊಂಡೇ ಬತ್ತೀನಿ."

"ಆಗ್ಲಿ ಅಣ್ಣ" ಎಂದಳು.

ನಾನು ಎದ್ದು ಕೋಣೆಗೆ ಹೋದೆ. ಫೋಟೋದ ಮುಂದೆ ಊದುಬತ್ತಿಯ ಬೂದಿ ಬಿದ್ದಿತ್ತು. ಊದಿದೆ. ಹಾರಿ ನೇರ ಮೇಜಿನ ಮೇಲೆ ಇಳಿಯಿತು. ಕೋಮಲಾ ಬಾಗಿಲಲ್ಲಿ ನಿಂತಿದ್ದಳು.

"ಗೊತ್ತಿತ್ತೇನಮ್ಮ?"

"ಗೊತ್ತಿತ್ತು ಮಾವ."

"ಹೇಳಬಾರದಿತ್ತಾ?"

"ನೀವು ಬಾಯಿ ಬಿಟ್ಟು ಮಾತಾಡೋದು ಅವರ ಫೋಟೋ ಮುಂದೆ ನಿಂತಾಗ ಮಾತ್ರ. ಹೆಂಗೆ ಹೇಳ್ಲಿ?"

ಫೋಟೋ ಇಳಿಸಿ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಹಲಗೆ, ಗೋಡೆ, ಮೇಜು ಎಲ್ಲ ಇಬ್ಬರೂ ಒರೆಸಿದೆವು. ಧೂಳು ಕಾಣುವಂತೆ ಟಾರ್ಚನ್ನು ಓರೆಯಾಗಿ ಹಿಡಿಯಲು ಅವಳಿಗೆ ಒಬ್ಬರು ಬೇಕಿತ್ತು. ಬಾಗಿದಾಗ ಉದುರದಿರಲೆಂದು ನಲ್ಲಿಗೆ ಹೋಗಿ ಹಣೆಯ ವಿಭೂತಿ ತೊಳೆದುಕೊಂಡು ಬಂದೆ. ಅವಳು ನನ್ನ ಬರಿ ಹಣೆಯನ್ನು ನೋಡಿ ತಲೆ ತಗ್ಗಿಸಿದಳು.

ವನಜಾಕ್ಷಿಯ ಫೋನನ್ನು ಎರಡನೆಯ ಸಲ ಬಿಚ್ಚುವಾಗ ಡಿಸ್‌ಪ್ಲೇ ಸೀಳಬಹುದು ಎಂದಿದ್ದಳು. ಸೀಳಲಿಲ್ಲ. ನಾನು ಟಾರ್ಚ್ ಹಿಡಿದೆ. ಅವಳು ಕಂಡ ಕಣಗಳನ್ನೆಲ್ಲ ಅಂಟುಪಟ್ಟಿಯಿಂದ ಎತ್ತಿ, ಅಂಟಿನ ಹಾಳೆಯನ್ನು ಒಂದು ಅಂಚಿನಿಂದ ನಿಧಾನವಾಗಿ ಇಳಿಸಿದಳು. ಉಸಿರನ್ನೂ ಹಿಡಿದಿದ್ದಳು.

ಮಾರನೆಯ ಬೆಳಿಗ್ಗೆ ಗಾಜು ತಿಳಿಯಾಗಿಯೇ ಇತ್ತು. "ಈಗ ನಮ್ಮ ಹುಡುಗ ಮನುಷ್ಯರ ಹಂಗೆ ಕಾಣ್ತಾನೆ" ಎಂದು ಹೇಳಿ ವನಜಾಕ್ಷಿ ಫೋನ್ ತೆಗೆದುಕೊಂಡು ಹೋದಳು. ರುದ್ರಮೂರ್ತಿ ಒಬ್ಬನೇ ಬಂದ. ವಿಷಯ ಕೇಳಿ, ಟೀ ಕುಡಿದು, "ನಡೀಲಿ ಬಿಡು" ಎಂದು ಎದ್ದ. ಕೋಮಲಾ ಮುಂದಿನ ಫೋನ್ ಬಿಚ್ಚಿದಳು. ನನಗೆ ಸಂತೋಷವೂ ಆಗಲಿಲ್ಲ, ಅಳುವೂ ಬರಲಿಲ್ಲ.

ಸಂಜೆ ರೈಲಿಳಿದು ನೇರ ಹೊಲಕ್ಕೆ ಹೋಗಿ ಸಮಾಧಿಯ ಮುಂದೆ ನಿಂತೆ. ಊದುಬತ್ತಿ ತಂದಿರಲಿಲ್ಲ.

ಶಿವನೇ, ಬರಿಗೈಯಲ್ಲಿ ಕೇಳುತ್ತೇನೆ. ನಿನಗೂ ನನ್ನ ಮಗನಿಗೂ ನಡುವೆ ಒಂದು ಕಣದಷ್ಟೂ ತೆರಪು ಉಳಿಯದಿರಲಿ. ನಿನ್ನೊಳಗೆ ಅವನು ತಣ್ಣಗಿರಲಿ.