ಹದ ತಪ್ಪಿದ ಕೊಡಲಿ

ಶಿವಗಂಗೆ ಬೆಟ್ಟದ ಬುಡದಲ್ಲಿ ಟೆಂಟು ಹಾಕಿ, ಚಾರಣಕ್ಕೆ ಬಂದವರಿಗೆ ಅಡುಗೆ ಮಾಡಿ ಬಡಿಸುವ ಕೆಂಪರಾಜನ ಹತ್ತಿರ ಹನ್ನೆರಡು ವರ್ಷದಿಂದ ಒಂದೇ ಕೈಗೊಡಲಿ. ಸೌದೆ ಸೀಳುವುದು ಅದರಿಂದಲೇ, ಟೆಂಟಿನ ಗೂಟ ಬಡಿಯುವುದೂ ಅದರ ಹಿಂಬದಿಯಿಂದಲೇ. ಹಿಡಿಯುವ ಮರದ ಕಾವು ನಾಲ್ಕು ಸಲ ಬದಲಾಗಿತ್ತು. ಕಬ್ಬಿಣ ಮಾತ್ರ ಅದೇ. ಹೊಸದು ತಗೋ ಅಂದವರಿಗೆ, "ಇದಕ್ಕೇನು ರೋಗ?" ಅನ್ನುತ್ತಿದ್ದ.

ರೋಗ ತಗುಲಿದ್ದು ಅವನ ಕೈಯಿಂದಲೇ. ಸೋಮವಾರ ಕಾವು ಮುರಿದು, ಮೋಟು ಕಬ್ಬಿಣದ ತೂತಿನೊಳಗೇ ಕಚ್ಚಿಕೊಂಡಿತು. ಉಳಿ ಇಟ್ಟು ಹೊಡೆದ, ಜಪ್ಪಯ್ಯ ಅನ್ನಲಿಲ್ಲ. ಮುದ್ದೆಗೆ ಎಸರಿಟ್ಟ ಒಲೆ ನಿಗಿನಿಗಿ ಉರಿಯುತ್ತಿತ್ತು. ಮರ ತಾನೇ, ಸುಟ್ಟುಹೋಗಲಿ ಎಂದು ಕೊಡಲಿಯನ್ನು ಇಡಿಯಾಗಿ ಕೆಂಡಕ್ಕೆ ತಳ್ಳಿದ. ಮೋಟು ಬೂದಿಯಾಯಿತು, ಹೊಸ ಕಾವು ಸಲೀಸಾಗಿ ಕೂತಿತು. ಮಾರನೇ ದಿನ ಜಾಲಿಯ ಗಂಟಿಗೆ ಒಂದೇಟು ಹಾಕಿದನೋ ಇಲ್ಲವೋ, ಕೊಡಲಿಯ ಬಾಯಿ ತಗಡಿನ ಹಾಗೆ ಮಡಚಿಕೊಂಡಿತು.

"ಹನ್ನೆರಡು ವರ್ಷ ಬಾಳಿದ್ದನ್ನ ಒಂದು ಮುದ್ದೆ ಬೇಯೋಷ್ಟರಲ್ಲಿ ಕೊಂದ್ಬಿಟ್ರಲ್ಲ" ಎಂದಳು ಹೆಂಡತಿ ಮುನಿಲಕ್ಷ್ಮಮ್ಮ. ಅವನು ಕೊಡಲಿ ಹಿಡಿದು ಬಸ್ಸು ಹತ್ತಿದ.

ನೆಲಮಂಗಲದ ಕುಲುಮೆಯಲ್ಲಿ ಮುದುಕ ಖಲೀಲುಲ್ಲಾ ಕೊಡಲಿಯ ಬಾಯಿಯ ಮೇಲೆ ಅರ ಎಳೆದು ನೋಡಿದ.

"ಬೆಣ್ಣೆ ಥರ ಸವೀತಿದೆ, ಬೆಂಕಿಗೆ ಹದ ಹೋಗಿದೆ. ಒಲೆಗೆ ಹಾಕಿದ್ಯಾ?"

"ಕಾವಿನ ಮೋಟು ಸುಡೋಕೆ ಹಾಕ್ದೆ" ಎಂದ ಕೆಂಪರಾಜ್.

"ಬಾಯನ್ನ ಒದ್ದೆ ಮಣ್ಣಲ್ಲಿ ಹೂತು ಹಿಂಬದಿ ಮಾತ್ರ ಸುಡ್ಬೇಕು ಗುರು. ಕೊಡ್ಲೀನ ಗೆಣಸು ಅಂದ್ಕೊಂಡ್ಯಾ?"

"ತಪ್ಪಾಯ್ತು ಭಾಯ್. ಉಳಿಯತ್ತಾ?"

"ಕಾಸಿ, ನೀರಿಗಿಳಿಸಿ ಮತ್ತೆ ಹದ ಕೊಡ್ಬಹುದು. ಇಳಿಸುವಾಗ ಸೀಳಿದ್ರೆ ಗುಜರಿಗೆ. ಹಿಂಗೇ ಬಿಟ್ರೆ ಗೂಟ ಹೊಡ್ಕೊಂಡಾದ್ರೂ ಇರತ್ತೆ. ನೀನೇ ಹೇಳು."

ಕೆಂಪರಾಜ್ ಅದನ್ನು ಅಂಗೈಯಲ್ಲಿ ತೂಗಿದ. "ಗೂಟಕ್ಕೆ ಸುತ್ತಿಗೆ ಸಾಕು. ಕಾಸಿ ಭಾಯ್" ಎಂದ.

ಕುಲುಮೆಯ ತಿದಿ ಬುಸುಗುಟ್ಟಿತು. ಮುದುಕ ಕಾವು ಕಳಚಿ, ಮಡಚಿದ ಬಾಯನ್ನು ಕಾಸಿ ಬಡಿದು ನೆಟ್ಟಗೆ ಮಾಡಿ, ಮತ್ತೆ ಕೆಂಡಕ್ಕಿಟ್ಟ. ಬಾಯಿ ಮಾಗಿದ ಟೊಮೆಟೊದ ಬಣ್ಣಕ್ಕೆ ಬಂದಾಗ ಮುದುಕ "ಬಿಸ್ಮಿಲ್ಲಾ" ಎಂದು ಇಕ್ಕಳ ಎತ್ತಿದ. ಕೆಂಪರಾಜ್ ಒಳಗೊಳಗೇ ಗಂಗಾಧರೇಶ್ವರನನ್ನು ನೆನೆದ. ಚುಂಯ್ ಎಂದಿತು ನೀರು. ಹಿಂದೆಯೇ ಸಣ್ಣದೊಂದು ಟಿಕ್.

ಮುದುಕ ಬೆಳಕಿಗೆ ಹಿಡಿದ. ಬಾಯಿಯ ತುದಿಯಲ್ಲಿ ಕೂದಲೆಳೆಯ ಬಿರುಕು.

"ಒಳಕ್ಕೆ ಇಳಿದಿಲ್ಲ" ಎಂದು, ಕೆಂಡದ ಪಕ್ಕದ ಸಣ್ಣ ಬಿಸಿಯಲ್ಲಿ ಒಣಹುಲ್ಲಿನ ಬಣ್ಣ ಬರುವವರೆಗೆ ಇಟ್ಟು, ಆರಿಸಿ, ಸಾಣೆಗೆ ಕೊಟ್ಟ. ಬಿರುಕು ಮಾಯವಾಗುವ ಹೊತ್ತಿಗೆ ಒಂದು ಬೆರಳಗಲ ಕಬ್ಬಿಣ ಪುಡಿಯಾಗಿ ಉದುರಿತ್ತು.

ಕಾವು ಮತ್ತೆ ಸಿಕ್ಕಿಸಿ, ಹೊರಗೆ ಬಿದ್ದಿದ್ದ ಹುಣಸೆ ಕೊರಡಿಗೆ ಕೆಂಪರಾಜ್ ಮೂರೇಟು ಹಾಕಿದ. ಚಕ್ಕೆ ಹಾರಿತು. ಬಾಯಿ ಮೇಲೆ ಉಗುರಾಡಿಸಿದ, ಎಲ್ಲೂ ಮಡಚಿರಲಿಲ್ಲ.

"ಎಷ್ಟು ವರ್ಷ ಬರತ್ತೆ ಭಾಯ್?"

"ತೇದಂಗೆಲ್ಲ ಚಿಕ್ಕದಾಗ್ತಾ ಹೋಗತ್ತೆ. ಮುಗಿಯೋವರೆಗೂ ಕಡಿಯತ್ತೆ."

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಅವನು ಅದನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲೇ ಇಟ್ಟುಕೊಂಡ.