ಗಾಜಿನ ಹಿಂದಿನ ಕರಿ ಗೆರೆಗಳು

ಏನಾದರೂ ಕೆಟ್ಟಿದ್ದು ಕಣ್ಣಿಗೆ ಬಿದ್ದರೆ ಮೊದಲು ನನ್ನ ಕೈ ಹೋಗುತ್ತದೆ, ಬುದ್ಧಿ ಆಮೇಲೆ ಹೋಗುತ್ತದೆ. ನಾನು ಹುಟ್ಟಿದ್ದೇ ಹಾಗೆ. ಆಸ್ಪತ್ರೆಯ ಬಟ್ಟೆ ಒಗೆಯುವ ನಮ್ಮ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಮಾಮ ಇದಕ್ಕೆ ತದ್ವಿರುದ್ಧ. ಏನೇ ಕೆಡಲಿ, ಮೊದಲು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಆಮೇಲೆ ತಮಗೆ ತಾವೇ ಜೋರಾಗಿ ಮೂರು ಪ್ರಶ್ನೆ ಹಾಕಿಕೊಳ್ಳುತ್ತಾರೆ. ಏನು ಕಾಣ್ತಿದೆ? ಏನು ಬದಲಾಗಿದೆ? ಕೈ ಹಾಕಿದ್ರೆ ಏನಾಗುತ್ತೆ? ಪಂಪು ನಿಂತರೂ ಇದೇ, ಚಪ್ಪಲಿ ಕಿತ್ತುಹೋದರೂ ಇದೇ.

"ನಿಮ್ಮ ಮದುವೆ ದಿನಾನೂ ಹೀಗೇ ಕೈ ಕಟ್ಕೊಂಡು ನಿಂತಿದ್ರಾ ಮಾಮ?" ಎಂದು ಒಮ್ಮೆ ರೇಗಿಸಿದ್ದೆ.

"ಅವತ್ತೊಂದು ದಿನ ಮರೆತುಬಿಟ್ಟೆ ಕಣಮ್ಮ. ಅದಕ್ಕೇ ಈಗ ಎಲ್ಲದಕ್ಕೂ ಕೇಳ್ಕೋತೀನಿ" ಅಂದಿದ್ದರು.

ಆರು ತಿಂಗಳಿಂದ ನಾನು ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಅಮ್ಮ ಗೋಡೆಯ ಆಚೆ ಕೋಣೆಯಲ್ಲಿ ಬಟ್ಟೆ ಮಡಚುತ್ತಾಳೆ. ಅವಳ ಮೇಜು ಬಾಯ್ಲರ್ ಗೋಡೆಗೆ ಒತ್ತಿಕೊಂಡೇ ಇದೆ. ಮೂವತ್ತು ವರ್ಷ ಮಿಷನ್ನುಗಳ ಗದ್ದಲದಲ್ಲಿ ಕಿವಿ ಮಂದವಾಗಿದೆ, ಆದರೆ ಕಣ್ಣು ಮಾತ್ರ ಹದ್ದಿನದ್ದು. ಹಾಸಿಗೆ ಬಟ್ಟೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಲೆ ಇದ್ದರೂ ಅವಳಿಗೆ ಊಟ ಸೇರುವುದಿಲ್ಲ.

ಒಂದು ದಿನ, ನಾಳೆ ದೊಡ್ಡವರು ಯಾರೋ ಲಾಂಡ್ರಿ ನೋಡಲು ಬರುತ್ತಾರೆ ಅಂತ ಎಲ್ಲರ ಕೈಗೂ ಬಿಳಿ ಬಣ್ಣದ ಡಬ್ಬಿ ಕೊಟ್ಟರು. ಮಾಮ ಅವತ್ತು ಬೇಗ ಮನೆಗೆ ಹೋಗಿದ್ದರು, ಹಲ್ಲುನೋವು. ಅಮ್ಮ ಬಾಯ್ಲರ್ ಕೋಣೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬಾಯ್ಲರಿನ ಪಕ್ಕದಲ್ಲಿ ನೀರಿನ ಮಟ್ಟ ತೋರಿಸುವ ಉದ್ದ ಗಾಜಿನ ಕೊಳವೆ ಇದೆ. ಅದರ ಹಿಂದಿನ ತಗಡಿನ ಮೇಲೆ ಮಾಮ ಓರೆಯಾಗಿ ಕರಿ ಗೆರೆ ಎಳೆದಿದ್ದರು.

"ಏನೇ ಇದು, ಮಸಿ ಬಳಿದ ಹಾಗೆ. ಎಲ್ಲಾ ಬೆಳ್ಳಗಿರುವಾಗ ಇದೊಂದು ಕಣ್ಣಿಗೆ ಚುಚ್ಚುತ್ತೆ. ಬಳಿದುಬಿಡು ಅತ್ಲಾಗೆ."

ಬಳಿದೆ. ಆ ಉತ್ಸಾಹದಲ್ಲೇ ಕೊಳಾಯಿಗಳು, ಪೈಪುಗಳು, ವಾಲ್ವಿನ ಚಕ್ರಗಳು ಎಲ್ಲವನ್ನೂ ತಿರುಗಿಸಿ ತಿರುಗಿಸಿ ಹಿಂದೆ ಮುಂದೆ ಬಿಡದೆ ಬಳಿದೆ. ನನ್ನ ಕೆಲಸ ನೋಡಿ ನನಗೇ ಹೆಮ್ಮೆಯಾಯಿತು.

ಮಾರನೇ ಬೆಳಿಗ್ಗೆ ಮಾಮ ಹಲ್ಲು ಕೀಳಿಸಲು ಹೋದರು. "ಮಧ್ಯಾಹ್ನ ಬಂದ್ಬಿಡ್ತೀನಿ, ಅಲ್ಲಿತನಕ ನೀನೇ ನೋಡ್ಕೋ" ಎಂದು ಫೋನಿನಲ್ಲಿ ಹೇಳಿದರು. ಪಂಪು ಹಾಕಿದೆ, ಬೆಂಕಿ ಹೊತ್ತಿಸಿದೆ, ಉಗಿ ಬಂತು. ಹತ್ತೂವರೆಯ ಹೊತ್ತಿಗೆ ಗಾಜಿನ ಕಡೆ ನೋಡಿದರೆ ನೀರಿನ ಗೆರೆಯೇ ಇಲ್ಲ. ಮೇಲಿನಿಂದ ಕೆಳಗಿನವರೆಗೂ ಶುಭ್ರವಾಗಿ ಹೊಳೆಯುತ್ತಿದೆ.

ತುಂಬಿದೆ ಅಂದುಕೊಂಡೆ. ಆಮೇಲೆ ನೆನಪಾಯಿತು. ಪೂರ್ತಿ ತುಂಬಿದ ಗಾಜು, ಪೂರ್ತಿ ಖಾಲಿಯಾದ ಗಾಜು, ಎರಡೂ ನೋಡಲು ಒಂದೇ. ಅದಕ್ಕೇ ಅಲ್ಲವೇ ಮಾಮ ಗೆರೆ ಎಳೆದಿದ್ದು! ಗಾಜಿನೊಳಗೆ ನೀರಿದ್ದರೆ ಹಿಂದಿನ ಓರೆಗೆರೆ ಎದುರು ದಿಕ್ಕಿಗೆ ವಾಲಿದಂತೆ ಕಾಣುತ್ತದೆ, ನೀರಿಲ್ಲದಿದ್ದರೆ ಇದ್ದ ಹಾಗೇ ಇರುತ್ತದೆ. ಮೊದಲ ದಿನವೇ ತೋರಿಸಿದ್ದರು. ನಾನು ಆಕಳಿಸುತ್ತಾ ಹೂಂಗುಟ್ಟಿದ್ದೆ.

ಬಟ್ಟೆ ರಾಶಿಯಿಂದ ರೋಗಿಗಳ ಪಟ್ಟೆಪಟ್ಟೆ ಅಂಗಿಯೊಂದನ್ನು ಎಳೆದುಕೊಂಡು, ಅದರ ತೋಳನ್ನು ಗಾಜಿನ ಹಿಂದೆ ತೂರಿಸಿ ಓರೆಯಾಗಿ ಹಿಡಿದೆ. ಪಟ್ಟೆಗಳು ಅಂಗಿಯಲ್ಲಿ ಹೇಗಿದ್ದವೋ ಗಾಜಿನಲ್ಲೂ ಹಾಗೇ ಇದ್ದವು. ಮೇಲೆ ಹಿಡಿದೆ, ಕೆಳಗೆ ಹಿಡಿದೆ. ಒಂದು ಕಡೆಯೂ ವಾಲಲಿಲ್ಲ.

ಒಳಗೆ ನೀರಿಲ್ಲ. ಕೆಳಗೆ ಬೆಂಕಿ ಉರಿಯುತ್ತಿದೆ.

ಏನು ಬದಲಾಗಿದೆ? ಪಂಪು ಓಡುತ್ತಲೇ ಇತ್ತು, ಸದ್ದು ಮಾತ್ರ ಕೀರಲು. ನೀರಿನ ತೊಟ್ಟಿಯಿಂದ ಬರುವ ಪೈಪಿನ ಮೇಲೆ ಕಣ್ಣಾಡಿಸಿದೆ. ಅಲ್ಲಿ ವಾಲ್ವಿನ ಚಕ್ರ ಬೆಳ್ಳಗೆ ಮಿರಮಿರ ಮಿಂಚುತ್ತಿತ್ತು, ಪೂರ್ತಿ ಮುಚ್ಚಿಕೊಂಡಿತ್ತು. ಅದರ ಹಿಂಭಾಗಕ್ಕೆ ಬಣ್ಣ ಬಳಿಯಲು ತಿರುಗಿಸಿದವಳು ನಾನೇ. ವಾಪಸ್ಸು ತಿರುಗಿಸಿರಲಿಲ್ಲ.

ತಿರುಗಿಸಿಬಿಡು, ನಾಲ್ಕು ಸುತ್ತು, ನೀರು ಬಂದುಬಿಡುತ್ತೆ, ಯಾರಿಗೂ ಗೊತ್ತಾಗಲ್ಲ! ಕೈ ಆಗಲೇ ಚಕ್ರದ ಮೇಲಿತ್ತು. ರಾತ್ರಿ ಕಳೆದರೂ ಆರದ ಬಣ್ಣ ಬೆರಳಿಗೆ ಅಂಟಿತು. ಅದು ಹೇಗೆ ಕೈ ತೆಗೆದೆನೋ ಗೊತ್ತಿಲ್ಲ. ಬಾಗಿಲ ಬಳಿ ಯಾರೋ ನಿಂತು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ತಿರುಗಿದೆ, ಯಾರೂ ಇರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಬ್ಬಳೇ ನಿಂತಿದ್ದೆ.

"ಕೈ ಹಾಕಿದ್ರೆ ಏನಾಗುತ್ತೆ?" ಗಟ್ಟಿಯಾಗಿಯೇ ಕೇಳಿಕೊಂಡೆ. ದನಿ ನನ್ನದಲ್ಲ ಅನ್ನಿಸಿತು. ಕಾದು ಕೆಂಪಾದ ಬಾಣಲೆಗೆ ಒಂದು ಲೋಟ ತಣ್ಣೀರು ಸುರಿದರೆ ಏನಾಗುತ್ತೆ? ಅಂಥ ಬಾಣಲೆ ಈ ಕೋಣೆಯಷ್ಟು ದೊಡ್ಡದಿದ್ದು, ಮೇಲೆ ಮುಚ್ಚಳ ಬಿಗಿದಿದ್ದರೆ?

ಬೆಂಕಿ ಆರಿಸಿದೆ. ಪಂಪಿನ ಸ್ವಿಚ್ಚು ತೆಗೆದೆ. ಚಕ್ರವನ್ನು ಮುಟ್ಟಲಿಲ್ಲ. ಓಡಿದೆ.

"ಬಾಯ್ಲರಲ್ಲಿ ನೀರಿಲ್ಲ, ಎಲ್ರೂ ಹೊರಗೆ ಹೋಗಿ!" ಎಂದು ಕಿರುಚಿದೆ. ಒಗೆಯುವವರು, ಇಸ್ತ್ರಿಯವರು ಬಾಗಿಲಿಗೆ ನುಗ್ಗಿದರು. ಸೂಪರ್‌ವೈಸರ್ ಎದುರಿಗೆ ಬಂದ. "ಆಪರೇಷನ್ ಬಟ್ಟೆ ಹನ್ನೆರಡಕ್ಕೆ ಹೋಗ್ಬೇಕು, ಉಗಿ ಯಾಕೆ ನಿಲ್ಲಿಸ್ದೆ? ನೀರು ಕಮ್ಮಿಯಾದ್ರೆ ನೀರು ಬಿಡು, ಅಷ್ಟೇ ತಾನೇ?" ಎಂದು ಬಾಯ್ಲರ್ ಕೋಣೆಯ ಕಡೆ ಹೊರಟ. ಅವನ ಅಂಗಿಯ ಕಾಲರಿಗೇ ಕೈ ಹಾಕಿ ಎಳೆದೆ. ಬಿಳಿ ಬಣ್ಣದ ಐದು ಬೆರಳು ಅವನ ಕುತ್ತಿಗೆಯ ಮೇಲೆ ಮೂಡಿದವು.

"ವಾಲ್ವ್ ಮುಚ್ಚಿದ್ದು ನಾನೇ ಸಾರ್. ನನ್ನನ್ನ ಕೆಲಸದಿಂದ ತೆಗೀರಿ. ಆದ್ರೆ ಒಳಗೆ ಮಾತ್ರ ಹೋಗ್ಬೇಡಿ."

ಅವನ ಮುಖದ ಬಣ್ಣ ಇಳಿಯಿತು. ಹೊರಗೆ ಓಡಿದ.

ಅಮ್ಮ ಕೂತಲ್ಲೇ ಇದ್ದಳು. ಬೆನ್ನು ಗೋಡೆಗೆ, ತೊಡೆಯ ಮೇಲೆ ದಿಂಬಿನ ಕವರು.

"ಏಳಮ್ಮ!"

"ಏನೇ? ಇನ್ನು ಎಂಟೇ ಎಂಟು ಇದೆ, ಮುಗಿಸಿ ಬರ್ತೀನಿ."

"ಅಮ್ಮಾ, ಸತ್ತೋಗ್ತೀಯ!"

"ಯಾರು ಸತ್ರು?"

ಕೆಟ್ಟ ಸಿಟ್ಟು, ಕೆಟ್ಟ ಭಯ, ಎರಡೂ ಒಟ್ಟಿಗೆ ಬಂದು ಅಳು ಬಂತು. ರಟ್ಟೆ ಹಿಡಿದು ಎಬ್ಬಿಸಿದೆ. ಮಡಚಿದ ಗಂಟು ನೆಲಕ್ಕೆ ಬಿತ್ತು. "ಅಯ್ಯೋ, ನೆಲಕ್ಕೆ ಬಿತ್ತಲ್ಲೇ!" ಎಂದು ಬಗ್ಗಿದವಳನ್ನು ಅನಾಮತ್ತಾಗಿ ಎತ್ತಿಕೊಂಡು ಅಂಗಳದಾಚೆ ಬೇವಿನ ಮರದ ತನಕ ಓಡಿದೆ. ಅವಳು ಇಷ್ಟು ಹಗುರವಾಗಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅಲ್ಲಿ ಕೂತು ನೋಡುತ್ತಲೇ ಇದ್ದೆವು. ಏನೂ ಆಗಲಿಲ್ಲ. ಕಬ್ಬಿಣ ತಣ್ಣಗಾಗುವಾಗ ಒಳಗಿನಿಂದ ಟಣ್ ಟಣ್ ಸದ್ದು ಬರುತ್ತಿತ್ತು. ಪ್ರತಿ ಸದ್ದಿಗೂ ನಾನು ಅಮ್ಮನ ತಲೆ ತಗ್ಗಿಸುತ್ತಿದ್ದೆ, ಅವಳು ನನ್ನ ಕೈ ತಳ್ಳುತ್ತಿದ್ದಳು.

ಮಾಮ ಎರಡು ಗಂಟೆಗೆ ಬಂದರು. ಕೆನ್ನೆ ಊದಿತ್ತು, ಬಾಯಿ ತುಂಬಾ ಹತ್ತಿ, ಮಾತಿಲ್ಲ. ನಾನು ಒಂದೂ ಮುಚ್ಚಿಡದೆ ಹೇಳಿದೆ. ಸಂಜೆ ಬಾಯ್ಲರ್ ತಣ್ಣಗಾದ ಮೇಲೆ ಬೆಂಕಿಯ ಬಾಗಿಲು ತೆಗೆದು ಟಾರ್ಚ್ ಬಿಟ್ಟರು. ಒಳಗಿನ ಕೊಳವೆಗಳು ನೀಲಿಗಟ್ಟಿ ಸೊಟ್ಟಗಾಗಿದ್ದವು. ಟಾರ್ಚ್ ಆರಿಸಿ, ಕೈ ಬೆನ್ನ ಹಿಂದೆ ಕಟ್ಟಿ, ಬಾಯ್ಲರಿನಿಂದ ಅಮ್ಮನ ಸ್ಟೂಲಿನವರೆಗೆ ಹೆಜ್ಜೆ ಹಾಕಿದರು. ಮಧ್ಯದ ಗೋಡೆಯ ಈಚೆಗೂ ಆಚೆಗೂ ಸೇರಿ ಐದೇ ಹೆಜ್ಜೆ. ಐದು ಬೆರಳು ಎತ್ತಿ ತೋರಿಸಿ, ಸ್ಟೂಲಿನ ಮೇಲೆ ಕುಸಿದು ಕೂತರು.

ಅಮ್ಮ ಆ ಐದು ಬೆರಳನ್ನು ನೋಡಿದಳು. ತನ್ನ ಮೇಜಿನ ಖಾನೆಯಿಂದ ಬಟ್ಟೆಗಳ ಮೇಲೆ ವಾರ್ಡಿನ ನಂಬರು ಬರೆಯುವ ಮಸಿ ಬಾಟಲಿ ಮತ್ತು ಕುಂಚ ತೆಗೆದುಕೊಂಡು ಬಾಯ್ಲರ್ ಕೋಣೆಗೆ ನಡೆದಳು. ನಾನು ಬಳಿದ ಬಿಳಿ ತಗಡಿನ ಮೇಲೆ ಒಂದೊಂದೇ ಓರೆಗೆರೆ ಎಳೆಯತೊಡಗಿದಳು. ಮಸಿ ಸೋರಿ ಮೊಣಕೈವರೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಮಾಮ ಹಿಂದೆಯೇ ಬಂದು, ಅವಳ ಕಿವಿಯ ಬಳಿ ಬಾಗಿ ಹತ್ತಿಯ ಸಂದಿಯಿಂದಲೇ ತೊದಲಿದರು: "ಅಕ್ಕಾ, ಇದು ಒಗೆದ್ರೆ ಹೋಗುತ್ತಾ?"

"ನಾನೇ ಉಜ್ಜಿದ್ರೂ ಹೋಗಲ್ಲಪ್ಪ" ಎಂದಳು ಅಮ್ಮ, ಮುಂದಿನ ಗೆರೆಗೆ ಕುಂಚ ಅದ್ದುತ್ತಾ.